ಹಾವು ಕಾಣಲಿಲ್ಲ, ಗಾಯವೂ ಇಲ್ಲ. ಹಾವು ಕಡಿತ ಎಂದು ಹೇಗೆ ಹೇಳಿದರು?

ಪ್ರಶ್ನೆ: ನಮ್ಮ ಅಣ್ಣನಿಗೆ 38 ವರ್ಷ. ಮೆಕ್ಕೆಜೋಳದ ಹೊಲಕ್ಕೆ ಹಂದಿ ಕಾಯಲು ಹೋಗಿ ಗುಡಿಸಲಿನಲ್ಲಿ ಚಾಪೆ ಹಾಸಿ ಮಲಗಿದ್ದ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಹೊಟ್ಟೆನೋವು ಶುರುವಾಗಿ ಎರಡು ಸಲ ವಾಂತಿಯಾಯಿತು. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಹಾಕಿ ಕಳುಹಿಸಿದರು. ಎಂಟು ಗಂಟೆಗೆ ಅವನಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಒಯ್ದೆವು. ನೋಡಿದ ತಕ್ಷಣ ಹಾವು ಕಡಿತ ಎಂದರು. ಹಾವನ್ನು ಯಾರೂ ನೋಡಿಲ್ಲ, ಮೈಮೇಲೆ ಹಲ್ಲಿನ ಗುರುತೂ ಸಿಗಲಿಲ್ಲ. ವಿಷದ ಇಂಜೆಕ್ಷನ್ 20 ವಯಲ್ ಕೊಟ್ಟರೂ ಉಸಿರು ನಿಂತು ಐದು ದಿನ ವೆಂಟಿಲೇಟರ್‌ನಲ್ಲಿದ್ದ. ಎಂಟನೇ ದಿನ ಮನೆಗೆ ಬಂದ. ಹಾವು ನೋಡದೆ ಹೇಗೆ ಹೇಳಿದರು? ಇಂಜೆಕ್ಷನ್ ಕೊಟ್ಟ ಮೇಲೂ ಉಸಿರು ಯಾಕೆ ನಿಂತಿತು, ಇನ್ನೂ ಹೆಚ್ಚು ಕೊಡಬೇಕಿತ್ತೇ? ಮೊದಲ ಕ್ಲಿನಿಕ್‌ನಲ್ಲೇ ಗೊತ್ತಾಗಬಹುದಿತ್ತೇ? ಇನ್ನೊಂದು ವಿಷಯ: ಮನೆಗೆ ಬಂದು ಮೂರು ದಿನವಾಯಿತು, ನಿನ್ನೆಯಿಂದ ಸಣ್ಣ ಜ್ವರ, ಕೀಲುನೋವು, ಮೈಮೇಲೆ ಗಂಧೆ ಎದ್ದಿವೆ. ವಿಷ ಇನ್ನೂ ಉಳಿದಿದೆಯೇ?

ಉತ್ತರ: ಕೊನೆಯಲ್ಲಿ ಕೇಳಿದ್ದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಅದು ಇವತ್ತೇ ಆಗಬೇಕಾದ ಕೆಲಸ. ವಿಷ ಉಳಿದಿಲ್ಲ. ಕಡಿತವಾಗಿ ಇದು ಹನ್ನೊಂದನೆಯ ದಿನ. ಹಾವಿನ ವಿಷದ ಇಂಜೆಕ್ಷನ್, ಅಂದರೆ ಎಎಸ್‌ವಿ, ಕುದುರೆಯ ರಕ್ತದಿಂದ ತಯಾರಾಗುತ್ತದೆ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಅದರ ಮೈ ತಯಾರಿಸುವ ಪ್ರತಿವಿಷವನ್ನು ಶುದ್ಧ ಮಾಡಿ ಪುಡಿಯಾಗಿ ಒಣಗಿಸುತ್ತಾರೆ. ಆ ಕುದುರೆ ಪ್ರೋಟೀನಿನ ಮೇಲೆ ನಮ್ಮ ದೇಹ ತಡವಾಗಿ ತಿರುಗಿ ಬೀಳುವುದುಂಟು. ಸಾಮಾನ್ಯವಾಗಿ 5ರಿಂದ 14 ದಿನದೊಳಗೆ ಜ್ವರ, ಗಂಧೆ, ಕೀಲುನೋವು, ಕೆಲವರಿಗೆ ಕುತ್ತಿಗೆ ಕಂಕುಳಲ್ಲಿ ಗಡ್ಡೆ. ಇದಕ್ಕೆ ಸೀರಮ್ ಸಿಕ್‌ನೆಸ್ ಎನ್ನುತ್ತಾರೆ. ಅಲರ್ಜಿ ಮಾತ್ರೆಯಿಂದ ಶುರು ಮಾಡಿ, ಒಂದೆರಡು ದಿನದಲ್ಲಿ ಇಳಿಯದಿದ್ದರೆ ಐದು ದಿನದ ಮಟ್ಟಿಗೆ ಸ್ಟೆರಾಯ್ಡ್ ಮಾತ್ರೆ ಕೊಡುತ್ತಾರೆ, ವಾಸಿಯಾಗುತ್ತದೆ. ಆದರೆ ಹಾಗೆಂದು ನೀವೇ ತೀರ್ಮಾನಿಸಿ ಮನೆಯಲ್ಲಿ ಕೂರಬೇಡಿ. ಐದು ದಿನ ಗಂಟಲಿಗೆ ನಳಿಗೆ ಹಾಕಿಸಿಕೊಂಡವರಿಗೆ ಜ್ವರ ಬಂದರೆ ನ್ಯುಮೋನಿಯಾ ಅಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಎದೆಯ ಎಕ್ಸ್‌ರೇ ಒಂದು ಬೇಕೇ ಬೇಕು. ಉಸಿರೆಳೆದಾಗ ಕೊರ್ ಎಂದು ಸದ್ದು ಬರುತ್ತಿದ್ದರೆ ನಳಿಗೆಯಿಂದ ಗಂಟಲು ಕಿರಿದಾಗಿರಬಹುದು. ಒಂದೇ ಕಾಲು ಊದಿದ್ದರೆ, ಅಲುಗಾಡದೆ ಮಲಗಿದ್ದರಿಂದ ರಕ್ತ ಹೆಪ್ಪುಗಟ್ಟಿರಬಹುದು. ಇವು ಇರಲಿ ಇಲ್ಲದಿರಲಿ, ನಾಳೆಗೆ ಬಿಡದೆ ಡಿಸ್ಚಾರ್ಜ್ ಚೀಟಿ ಹಿಡಿದು ಹೊರಡಿ.

ಇನ್ನು ಹಾವು ನೋಡದೆ ಹೇಗೆ ಹೇಳಿದರು ಎಂಬುದು. ನೀವು ಬರೆದ ಕಥೆಯಲ್ಲೇ ಉತ್ತರವಿದೆ. ನೆಲದ ಮೇಲೆ ಮಲಗಿದ್ದವರು, ರಾತ್ರಿ ಚೆನ್ನಾಗಿದ್ದವರು, ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದರು, ಬೆಳಗಾಗುವ ಹೊತ್ತಿಗೆ ರೆಪ್ಪೆ ಜೋಲಿತು. ನಮ್ಮ ಕಡೆ ಇಷ್ಟು ಸೇರಿದರೆ, ಬೇರೆ ಕಾರಣ ಸಾಬೀತಾಗುವವರೆಗೆ ಅದು ಕಟ್ಟುಹಾವಿನ ಕಡಿತ. ಕೆಲವು ಕಡೆ ಇದನ್ನು ಕಡಂಬಳ ಎನ್ನುತ್ತಾರೆ. ಹೊಳೆಯುವ ಕಪ್ಪು ಮೈ, ಅದರ ಮೇಲೆ ತೆಳ್ಳನೆಯ ಬಿಳಿ ಪಟ್ಟೆ ಜೋಡಿ ಜೋಡಿಯಾಗಿ, ತಲೆಯ ಹತ್ತಿರ ಪಟ್ಟೆ ಮಾಸಿರುತ್ತದೆ ಅಥವಾ ಇರುವುದೇ ಇಲ್ಲ. ಹಗಲು ಬಿಲದಲ್ಲೋ ಇಟ್ಟಿಗೆ ರಾಶಿಯಲ್ಲೋ ಸುಮ್ಮನೆ ಸುರುಳಿ ಸುತ್ತಿಕೊಂಡಿದ್ದು, ಕತ್ತಲಾದ ಮೇಲೆ ಇಲಿ, ಹಲ್ಲಿ, ಬೇರೆ ಹಾವುಗಳನ್ನು ಹುಡುಕಿಕೊಂಡು ಮನೆಯೊಳಕ್ಕೂ ಬರುತ್ತದೆ. ಮಲಗಿದವರು ಮಗ್ಗುಲು ಬದಲಿಸಿದಾಗ ಮೈಕೆಳಗೆ ಸಿಕ್ಕಿ ಕಚ್ಚುತ್ತದೆ.

ಇದರ ಹಲ್ಲು ಚಿಕ್ಕದು, ಬರೀ ಕೆಲವು ಮಿಲಿಮೀಟರ್. ಕಚ್ಚಿದ ಜಾಗದಲ್ಲಿ ಊತವಿಲ್ಲ, ಉರಿ ಇಲ್ಲ, ರಕ್ತ ಬರುವುದಿಲ್ಲ. ಇರುವೆಯೋ ಸೊಳ್ಳೆಯೋ ಕಚ್ಚಿತೆಂದು ಕೆರೆದುಕೊಂಡು ಮತ್ತೆ ನಿದ್ದೆ ಹೋದವರಿದ್ದಾರೆ; ಎಚ್ಚರವೇ ಆಗದವರೂ ಇದ್ದಾರೆ. ಆದ್ದರಿಂದ ಗುರುತು ಸಿಗಲಿಲ್ಲ ಎಂಬುದು ಹಾವು ಕಚ್ಚಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಕಿವಿಯ ಹಿಂದೆ, ಕೂದಲಿನೊಳಗೆ, ಬೆರಳ ಸಂದಿನಲ್ಲಿ ಇದ್ದರೆ ಹುಡುಕಿದರೂ ಕಾಣದು. ಮಂಡಲದ ಹಾವಿಗೆ ಇದು ಪೂರ್ತಿ ಉಲ್ಟಾ: ಕೊಳಕುಮಂಡಲ ಕಚ್ಚಿದರೆ ನೋವಿನಿಂದ ಮನುಷ್ಯ ಕಿರುಚುತ್ತಾನೆ, ಕೆಲವೇ ಹೊತ್ತಿನಲ್ಲಿ ಪಾದ ಬಾತುಕೊಳ್ಳುತ್ತದೆ, ಒಸಡಿನಲ್ಲಿ, ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳಬಹುದು. ಜನರ ಮನಸ್ಸಿನಲ್ಲಿ ಹಾವು ಕಡಿತವೆಂದರೆ ಆ ಚಿತ್ರವೇ ಕೂತಿದೆ. ಹಾಗಾಗಿ ಕಟ್ಟುಹಾವಿನ ಕಡಿತ ‘ಗ್ಯಾಸ್ಟ್ರಿಕ್’ ಆಗಿಬಿಡುತ್ತದೆ.

ಹೊಟ್ಟೆನೋವು ಯಾಕೆ ಬರುತ್ತದೆ ಎಂಬುದಕ್ಕೆ ಇನ್ನೂ ಒಪ್ಪಿತವಾದ ಒಂದೇ ವಿವರಣೆಯಿಲ್ಲ, ಆದರೆ ಬರುವುದಂತೂ ಸತ್ಯ. ವಾಂತಿ, ಗಂಟಲು ಹಿಡಿದಂತಾಗುವುದು, ಎಂಜಲು ನುಂಗಲು ಕಷ್ಟ, ಇವು ಅದರ ಜೊತೆಗಾರರು. ಆಮೇಲೆ ದೌರ್ಬಲ್ಯ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಮೊದಲು ರೆಪ್ಪೆ, ಆಮೇಲೆ ಕಣ್ಣುಗುಡ್ಡೆ (ಒಂದು ವಸ್ತು ಎರಡಾಗಿ ಕಾಣುತ್ತದೆ), ಆಮೇಲೆ ನಾಲಿಗೆ ಮತ್ತು ಗಂಟಲು, ಆಮೇಲೆ ಕತ್ತು, ಕೊನೆಗೆ ಎದೆ ಹೊಟ್ಟೆಯ ಉಸಿರಾಟದ ಸ್ನಾಯು. ಈ ಇಳಿಜಾರಿನ ಕ್ರಮವೇ ವೈದ್ಯರಿಗೆ ದಾರಿ ತೋರಿಸುವುದು. ಬೆಳಗ್ಗೆ ಏಳಲಾಗದೆ ಕೈಕಾಲು ಬಿದ್ದವರೆಲ್ಲ ಹಾವು ಕಚ್ಚಿಸಿಕೊಂಡವರಲ್ಲ. ಪೊಟ್ಯಾಸಿಯಂ ಕಡಿಮೆಯಾಗಿ ರಾತ್ರೋರಾತ್ರಿ ತೊಡೆ, ತೋಳು ಸೋಲುವ ಕಾಯಿಲೆಯೊಂದಿದೆ, ಅದರಲ್ಲಿ ರೆಪ್ಪೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಗಿಲನ್ ಬಾರೆ ಎಂಬ ನರರೋಗ ಹೆಚ್ಚಾಗಿ ಪಾದದಿಂದ ಮೇಲಕ್ಕೆ ಹತ್ತುತ್ತದೆ, ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ಬೆಳೆಗೆ ಹೊಡೆಯುವ ಕ್ರಿಮಿನಾಶಕ ಒಳಗೆ ಹೋದರೆ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಬಟ್ಟೆಯಲ್ಲಿ ಔಷಧದ ವಾಸನೆ ಇರುತ್ತದೆ. ಮೆದುಳಿನ ಸ್ಟ್ರೋಕ್ ಎರಡೂ ರೆಪ್ಪೆಗಳನ್ನು ಒಂದೇ ಸಮನಾಗಿ ಇಳಿಸಿ ಪ್ರಜ್ಞೆಯನ್ನು ಹೀಗೆ ಸ್ವಚ್ಛವಾಗಿ ಬಿಡುವುದು ಅಪರೂಪ. ನಿಮ್ಮ ಅಣ್ಣನವರನ್ನು ನೋಡಿದ ವೈದ್ಯರ ತಲೆಯಲ್ಲಿ ಇವೆಲ್ಲ ಒಂದು ನಿಮಿಷದಲ್ಲಿ ಓಡಿರುತ್ತವೆ. ಹಾವಿನ ಹೆಸರು ಕಟ್ಟಿಕೊಂಡು ಅವರಿಗೆ ಆಗಬೇಕಾದದ್ದು ಏನೂ ಇಲ್ಲ. ನಮ್ಮಲ್ಲಿ ಸಿಗುವ ಎಎಸ್‌ವಿ ಒಂದೇ ಬಗೆಯದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಅದೇ ಸೀಸೆ. ಚಿಕಿತ್ಸೆ ಮಾಡುವುದು ಲಕ್ಷಣಕ್ಕೆ, ಹಾವಿಗಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹಾವು ಹಿಡಿದು ತಂದರಷ್ಟೇ ಔಷಧ ಕೊಡುತ್ತಾರೆ ಎಂಬ ನಂಬಿಕೆಯಿಂದ ಮನೆಮಂದಿಯೆಲ್ಲ ಟಾರ್ಚ್ ಹಿಡಿದು ಹೊಲ ಜಾಲಾಡುತ್ತಾರೆ, ಅಷ್ಟರಲ್ಲಿ ಒಂದು ಗಂಟೆ ಹೋಗಿರುತ್ತದೆ. ಹುಡುಕಲು ಹೋದವನಿಗೂ ಕಚ್ಚಿಸಿಕೊಳ್ಳುವ ಅಪಾಯ. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ದೂರದಿಂದ ಮೊಬೈಲಿನಲ್ಲಿ ಫೋಟೊ ಸಿಕ್ಕಿದರೆ ಸರಿ, ಸಿಗದಿದ್ದರೆ ಬಿಡಿ.

ಈಗ ಇಂಜೆಕ್ಷನ್ ಕೊಟ್ಟರೂ ಉಸಿರು ಯಾಕೆ ನಿಂತಿತು ಎಂಬ ಪ್ರಶ್ನೆ. ನೀವು ರೈತರು, ನೀರಿನ ಲೆಕ್ಕದಲ್ಲೇ ಹೇಳುತ್ತೇನೆ. ನರದ ತುದಿಯಿಂದ ಸ್ನಾಯುವಿಗೆ ಒಂದು ರಾಸಾಯನಿಕ ಹರಿದರೆ ಸ್ನಾಯು ಅಲುಗುತ್ತದೆ. ನಾಗರಹಾವಿನ ವಿಷ ಹೆಚ್ಚಾಗಿ ಸ್ನಾಯುವಿನ ಕಡೆಯ ತೂಬಿಗೆ ಕಸ ತುರುಕಿದ ಹಾಗೆ. ಕಸ ತೆಗೆದರೆ ಅಥವಾ ನೀರಿನ ಒತ್ತಡ ಹೆಚ್ಚಿಸಿದರೆ ಮತ್ತೆ ಹರಿಯುತ್ತದೆ. ಅದಕ್ಕೇ ನಾಗರಹಾವಿನ ಕಡಿತದಲ್ಲಿ ಎಎಸ್‌ವಿ ಜೊತೆ ನಿಯೋಸ್ಟಿಗ್ಮಿನ್ ಎಂಬ ಔಷಧ ಕೊಟ್ಟರೆ, ಮುಚ್ಚಿದ ರೆಪ್ಪೆ ಅರ್ಧ ಗಂಟೆಯಲ್ಲಿ ತೆರೆಯುವುದನ್ನು ಕಣ್ಣಾರೆ ನೋಡಬಹುದು. ಕಟ್ಟುಹಾವಿನ ವಿಷ ಹಾಗಲ್ಲ, ಅದು ನರದ ತುದಿಯ ಕಾಲುವೆಯನ್ನೇ ಒಡೆದು ಹಾಕುತ್ತದೆ. ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಎಎಸ್‌ವಿ ಹಿಡಿದು ಕಟ್ಟಿಹಾಕುತ್ತದೆ. ಒಡೆದುಹೋದ ನರತುದಿಯನ್ನು ಅದು ಕಟ್ಟಲಾರದು. ಏರಿ ಮತ್ತೆ ಕಟ್ಟುವ ಕೆಲಸ ದೇಹವೇ ಮಾಡಿಕೊಳ್ಳಬೇಕು, ಅದಕ್ಕೆ ಕೆಲವು ದಿನದಿಂದ ಎರಡು ಮೂರು ವಾರದವರೆಗೆ ಹಿಡಿಯುತ್ತದೆ. ಆ ದಿನಗಳನ್ನು ದಾಟಿಸುವುದು ವೆಂಟಿಲೇಟರ್. ಕಟ್ಟುಹಾವಿನ ಕಡಿತದಲ್ಲಿ ಜೀವ ಉಳಿಸುವ ಮುಖ್ಯ ಔಷಧ ಯಾವುದು ಎಂದರೆ ಗಾಳಿ ಎಂದೇ ಹೇಳಬೇಕು.

ಹಾಗಾದರೆ ಎಎಸ್‌ವಿ ಬೇಡವೇ? ಬೇಕು, ಬೇಗ ಬೇಕು. ಬೇಗ ಕೊಟ್ಟಷ್ಟೂ ಒಡೆಯುವ ಕಾಲುವೆ ಕಡಿಮೆ. ಆದರೆ ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಲಕ್ವದ ಲಕ್ಷಣವಿದ್ದರೆ ಮೊದಲು 10 ವಯಲ್. ಒಂದೆರಡು ಗಂಟೆಯಲ್ಲಿ ಸುಧಾರಿಸದಿದ್ದರೆ ಅಥವಾ ಹೆಚ್ಚಾಗುತ್ತಿದ್ದರೆ ಇನ್ನೊಂದು ಸಲ 10. ಅಲ್ಲಿಗೆ ನಿಲ್ಲಿಸುವುದು ಈಗಿನ ಪದ್ಧತಿ. ನಿಮ್ಮ ಅಣ್ಣನವರಿಗೆ ಕೊಟ್ಟದ್ದು ಅಷ್ಟೇ, ಸರಿಯಾಗಿಯೇ ಇದೆ. ‘ಇನ್ನೂ ಹತ್ತು ಹಾಕಿ, ಬೇಕಾದರೆ ಹೊರಗಿನಿಂದ ತರುತ್ತೇವೆ’ ಎಂದು ಐಸಿಯು ಬಾಗಿಲಲ್ಲಿ ಜಗಳವಾಗುವುದು ಅಪರೂಪವಲ್ಲ. ಇಪ್ಪತ್ತರ ಮೇಲೆ ಸುರಿದರೆ ಖರ್ಚೂ ಹೆಚ್ಚು, ಈಗ ಬಂದಿರುವಂಥ ಗಂಧೆ ಜ್ವರವೂ ಹೆಚ್ಚು, ಉಸಿರು ಮಾತ್ರ ಒಂದು ಗಂಟೆಯೂ ಮೊದಲು ಬರುವುದಿಲ್ಲ. ಮಂಡಲದ ಕಡಿತದ ಲೆಕ್ಕ ಬೇರೆ, ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ಎಂಬುದನ್ನು ಆರು ಗಂಟೆಗೊಮ್ಮೆ ನೋಡಿ ಮುಂದಿನ ಡೋಸ್ ತೀರ್ಮಾನಿಸುತ್ತಾರೆ.

ಆ ಪರೀಕ್ಷೆ ಎಷ್ಟು ಸರಳ ಎಂದರೆ ಯಾವ ಯಂತ್ರವೂ ಬೇಡ. ಹೊಸ, ಒಣಗಿದ, ಶುಚಿಯಾದ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಒಂದೇ ಸಲ ಓರೆ ಮಾಡುವುದು. ಗಟ್ಟಿ ಮೊಸರಿನಂತೆ ನಿಂತರೆ ಸರಿ, ನೀರಿನಂತೆ ಹರಿದರೆ ವಿಷ ಏರಿದೆ. ಇದು ಕೆಡುವುದೂ ಸಣ್ಣ ವಿಷಯಕ್ಕೆ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಗಾಜಿನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟುವುದಿಲ್ಲ, ಆಗ ಬೇಡದವರಿಗೆ ಎಎಸ್‌ವಿ ಹೋಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕುತೂಹಲಕ್ಕೆ ಅಲುಗಿಸಿ ನೋಡಿದರೂ ಫಲಿತಾಂಶ ಸುಳ್ಳಾಗುತ್ತದೆ. ಕಟ್ಟುಹಾವಿನ ಕಡಿತದಲ್ಲಿ ಈ ರಕ್ತ ಸಾಮಾನ್ಯವಾಗಿ ಸರಿಯಾಗಿ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿತು, ಹಾಗಾದರೆ ವಿಷವಿಲ್ಲ ಎಂದು ಮನೆಗೆ ಕಳುಹಿಸಿದರೆ ದೊಡ್ಡ ಅನಾಹುತ.

ಎಎಸ್‌ವಿ ಕೊಡುವ ಕ್ರಮವನ್ನೂ ಒಂದಿಷ್ಟು ಹೇಳುತ್ತೇನೆ, ಯಾಕೆಂದರೆ ಸಣ್ಣ ಆಸ್ಪತ್ರೆಗಳು ಕೊಡಲು ಹೆದರುವುದು ಇದಕ್ಕೇ. ಪ್ರತಿ ವಯಲ್ ಪುಡಿಗೆ 10 ಮಿ.ಲೀ. ಶುದ್ಧ ನೀರು ಹಾಕಿ, ಅಂಗೈಯಲ್ಲಿಟ್ಟು ನಿಧಾನಕ್ಕೆ ತಿರುಗಿಸಿ ಕರಗಿಸಬೇಕು. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ, ಪ್ರೋಟೀನು ಕೆಡುತ್ತದೆ. ಹತ್ತು ವಯಲ್ ಕರಗಲು ಸಮಯ ಹಿಡಿಯುವುದರಿಂದ ಇಬ್ಬರು ಮೂವರು ಕೂತು ಮಾಡುವುದು ಒಳ್ಳೆಯದು. ಅದನ್ನು ಸಲೈನಿಗೆ ಸೇರಿಸಿ ಒಂದು ಗಂಟೆಯಲ್ಲಿ ಡ್ರಿಪ್ ಮೂಲಕ ಕೊಡುತ್ತಾರೆ. ಮಕ್ಕಳಿಗೂ ಅಷ್ಟೇ ವಯಲ್, ಯಾಕೆಂದರೆ ಹಾವು ಮಗುವಿಗೆಂದು ಕಡಿಮೆ ವಿಷ ಬಿಡುವುದಿಲ್ಲ. ಕಡಿಮೆ ಮಾಡುವುದು ಸಲೈನಿನ ಪ್ರಮಾಣವನ್ನು ಮಾತ್ರ. ಗರ್ಭಿಣಿಯರಿಗೂ ಕೊಡಬೇಕು. ಮೊದಲು ಚರ್ಮದ ಕೆಳಗೆ ಚುಚ್ಚಿ ಟೆಸ್ಟ್ ಮಾಡುವ ಹಳೆಯ ರೂಢಿ ಈಗ ಇಲ್ಲ. ಅದು ಯಾರಿಗೆ ಅಲರ್ಜಿ ಆಗುತ್ತದೆಂದು ಹೇಳುವುದಿಲ್ಲ, ಸಮಯ ಮಾತ್ರ ತಿನ್ನುತ್ತದೆ. ಅದರ ಬದಲು ಅಡ್ರಿನಲಿನ್ 0.5 ಮಿ.ಲೀ. ಸಿರಿಂಜಿನಲ್ಲಿ ಎಳೆದು ಹಾಸಿಗೆಯ ಪಕ್ಕ ಇಟ್ಟುಕೊಂಡು ಶುರು ಮಾಡಬೇಕು. ಮೈ ತುರಿಕೆ, ಗಂಧೆ, ಚಳಿ, ಕೆಮ್ಮು, ಬಿಪಿ ಇಳಿತ ಇವುಗಳಲ್ಲಿ ಒಂದು ಕಂಡರೂ ಡ್ರಿಪ್ ನಿಲ್ಲಿಸಿ ಅಡ್ರಿನಲಿನ್ ಅನ್ನು ತೊಡೆಯ ಸ್ನಾಯುವಿಗೆ ಕೊಡುವುದು, ಸುಧಾರಿಸಿದ ಮೇಲೆ ನಿಧಾನಕ್ಕೆ ಮತ್ತೆ ಶುರು ಮಾಡುವುದು. ರಿಯಾಕ್ಷನ್ ಆಯಿತೆಂದು ಎಎಸ್‌ವಿಯನ್ನೇ ಕೈಬಿಡುವಂತಿಲ್ಲ. ಈ ಒಂದು ಸಿರಿಂಜ್ ತಯಾರಿದ್ದರೆ ತಾಲ್ಲೂಕು ಆಸ್ಪತ್ರೆಯೇನು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮೊದಲ ಡೋಸ್ ಕೊಟ್ಟು ಕಳುಹಿಸಬಹುದು. ಖಾಲಿ ಕೈಯಲ್ಲಿ ರೆಫರ್ ಮಾಡುವುದಕ್ಕಿಂತ ಅದು ಎಷ್ಟೋ ಮೇಲು.

ಮೊದಲ ಕ್ಲಿನಿಕ್‌ನಲ್ಲಿ ಗೊತ್ತಾಗಬಹುದಿತ್ತೇ ಎಂದು ಕೇಳಿದ್ದೀರಿ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ನಾಲ್ಕೂವರೆಗೆ ಬರೀ ಹೊಟ್ಟೆನೋವು ಇದ್ದಾಗ ಖಚಿತವಾಗಿ ಹೇಳುವುದು ಯಾರಿಗೂ ಕಷ್ಟ. ಆದರೆ ಅನುಮಾನ ಬರಬೇಕಿತ್ತು. ಮಳೆಗಾಲದಲ್ಲಿ ನಸುಕಿಗೆ ಹೊಟ್ಟೆನೋವೆಂದು ಬಂದವರಿಗೆ ‘ರಾತ್ರಿ ಎಲ್ಲಿ ಮಲಗಿದ್ದಿರಿ’ ಎಂದು ಕೇಳಬೇಕು. ನೆಲದ ಮೇಲೆ ಎಂದರೆ ಎರಡು ನಿಮಿಷ ಹೆಚ್ಚಿಗೆ ಕೊಡಬೇಕು. ಆ ಎರಡು ನಿಮಿಷದಲ್ಲಿ ಮಾಡುವುದು ಇಷ್ಟು. ತಲೆ ಅಲುಗಿಸದೆ ಒಂದು ನಿಮಿಷ ಸೂರು ನೋಡುತ್ತಿರಲು ಹೇಳಿ. ಸೋಲುತ್ತಿರುವ ರೆಪ್ಪೆ ಮೂವತ್ತು ನಲವತ್ತು ಸೆಕೆಂಡಿನಲ್ಲಿ ತಾನಾಗಿ ಕೆಳಗಿಳಿಯುತ್ತದೆ. ಹಣೆ ಸುಕ್ಕುಗಟ್ಟಿಸಿ ಹುಬ್ಬಿನಿಂದ ರೆಪ್ಪೆ ಎತ್ತಲು ರೋಗಿ ಒದ್ದಾಡುತ್ತಾನೆ, ಅದನ್ನು ಗಮನಿಸಿ. ಬಾಯಿ ತೆರೆದಾಗ ಹಲ್ಲುಗಳ ನಡುವೆ ಅವನದೇ ಮೂರು ಬೆರಳು ಹೋಗಬೇಕು, ನಾಲಿಗೆ ತುಟಿ ದಾಟಿ ಹೊರಗೆ ಬರಬೇಕು. ಮಲಗಿಸಿ, ಕೈ ಊರದೆ ದಿಂಬಿನಿಂದ ತಲೆ ಎತ್ತಿ ಐದು ಸೆಕೆಂಡ್ ಹಿಡಿಯಲು ಹೇಳಿ. ಕತ್ತು ಬಿದ್ದುಹೋದರೆ ಮುಂದಿನ ಸರದಿ ಉಸಿರಿನದು. ಕೊನೆಗೆ ಆಳವಾಗಿ ಉಸಿರೆಳೆದುಕೊಂಡು, ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಲಿ. ಆರೋಗ್ಯವಂತರು ಮೂವತ್ತರ ಆಸುಪಾಸು ಹೋಗುತ್ತಾರೆ. ಇಪ್ಪತ್ತರ ಕೆಳಗೆ ಬಂದರೆ ಎಚ್ಚರ, ಅರ್ಧ ಗಂಟೆಯ ಹಿಂದೆ 25 ಇದ್ದದ್ದು ಈಗ 14 ಆದರೆ ಗಂಟಲಿಗೆ ನಳಿಗೆ ಹಾಕುವ ತಯಾರಿ ಆಗಬೇಕು. ಇದನ್ನು ಆಂಬ್ಯುಲೆನ್ಸಿನಲ್ಲಿ ಕೂತ ತಮ್ಮನೂ ಮಾಡಬಹುದು, ಹೊತ್ತು ಮತ್ತು ಎಣಿಕೆ ಬರೆದಿಟ್ಟುಕೊಂಡರೆ ಆಸ್ಪತ್ರೆಯವರಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಇಲ್ಲಿ ಎಲ್ಲರೂ ಬೀಳುವ ಒಂದು ಗುಂಡಿಯಿದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸುತ್ತಿರುತ್ತದೆ, ಎಲ್ಲರೂ ನಿರಾಳವಾಗುತ್ತಾರೆ. ಉಸಿರಾಟದ ಸ್ನಾಯು ಸೋಲುವಾಗ ಮೊದಲು ಆಗುವುದು ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗದೆ ಉಳಿಯುವುದು. ಆಕ್ಸಿಜನ್ ಸಂಖ್ಯೆ ಇಳಿಯುವುದು ಕೊನೆಗೆ. ಅದರಲ್ಲೂ ಮೂಗಿಗೆ ಆಕ್ಸಿಜನ್ ಹಾಕಿದ್ದರೆ ಸಂಖ್ಯೆ ಇನ್ನಷ್ಟು ತಡವಾಗಿ ಇಳಿಯುತ್ತದೆ. ಹಾಗಾಗಿ ನೋಡಬೇಕಾದದ್ದು ಯಂತ್ರವನ್ನಲ್ಲ, ಎದೆಯನ್ನು. ಉಸಿರು ಮೇಲುಮೇಲಕ್ಕೆ ಬರುತ್ತಿದೆಯೇ, ಎದೆ ಏಳುವಾಗ ಹೊಟ್ಟೆ ಒಳಕ್ಕೆ ಹೋಗುತ್ತಿದೆಯೇ, ಎಂಜಲು ನುಂಗಲಾಗದೆ ಗಂಟಲಲ್ಲಿ ಗೊರಗೊರ ಎನ್ನುತ್ತಿದೆಯೇ. ರೋಗಿ ಚಡಪಡಿಸಿ ಮೈಮೇಲಿನದನ್ನೆಲ್ಲ ಕಿತ್ತು ಹಾಕುತ್ತಿದ್ದರೆ ಅದು ಭಯವೆಂದು ನಿದ್ದೆಯ ಇಂಜೆಕ್ಷನ್ ಕೊಡಬಾರದು. ಅವನಿಗೆ ಗಾಳಿ ಸಾಲುತ್ತಿಲ್ಲ, ಬಾಯಿಬಿಟ್ಟು ಹೇಳಲು ಆಗುತ್ತಿಲ್ಲ, ಅಷ್ಟೇ. ನಿದ್ದೆಯ ಇಂಜೆಕ್ಷನ್ ಉಳಿದ ಉಸಿರನ್ನೂ ತೆಗೆದುಬಿಡುತ್ತದೆ.

ಇಂಥವರನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವಾಗಲೇ ಹೆಚ್ಚು ಸಾವು. ಹೊರಡುವಾಗ ಮಾತಾಡುತ್ತಿದ್ದವರು ನಲವತ್ತು ಕಿಲೋಮೀಟರ್ ದಾಟುವಷ್ಟರಲ್ಲಿ ಉಸಿರು ಬಿಟ್ಟಿರುತ್ತಾರೆ. ಆದ್ದರಿಂದ 108ಕ್ಕೆ ಕರೆ ಮಾಡಿದಾಗಲೇ ‘ಹಾವು ಕಡಿತದ ಅನುಮಾನ, ರೆಪ್ಪೆ ಇಳಿದಿದೆ’ ಎಂದು ಹೇಳಿ. ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಇದೆಯೇ, ಅದನ್ನು ಒತ್ತಬಲ್ಲವರು ಜೊತೆಗಿದ್ದಾರೆಯೇ ಎಂದು ಕೇಳಿ. ಉಸಿರು ನಿಂತರೆ ಅದನ್ನು ಐದಾರು ಸೆಕೆಂಡಿಗೆ ಒಂದು ಸಲದಂತೆ, ಎದೆ ಮೆಲ್ಲಗೆ ಏಳುವಷ್ಟು ಮಾತ್ರ ಒತ್ತಬೇಕು. ಗಾಬರಿಯಲ್ಲಿ ಬಡಬಡನೆ ಒತ್ತಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ, ಅದು ಶ್ವಾಸಕೋಶಕ್ಕಿಳಿಯುತ್ತದೆ. ಎಷ್ಟು ಹೊತ್ತು ಒತ್ತಬೇಕು? ವೆಂಟಿಲೇಟರ್ ಸಿಗುವವರೆಗೆ. ಕೈ ಸೋತರೆ ಇನ್ನೊಬ್ಬರು ಹಿಡಿದುಕೊಳ್ಳಬೇಕು. ಹೃದಯ ಚೆನ್ನಾಗಿಯೇ ಬಡಿಯುತ್ತಿರುತ್ತದೆ, ಬೇಕಾದದ್ದು ಗಾಳಿ ಮಾತ್ರ, ಆದ್ದರಿಂದ ಈ ದುಡಿಮೆ ವ್ಯರ್ಥವಾಗುವುದಿಲ್ಲ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕಾದ ಒಂದು ಮಾತು. ಕಟ್ಟುಹಾವಿನ ವಿಷ ಪೂರ್ತಿ ಏರಿದಾಗ ರೋಗಿಯ ಪಾಪೆ ಅಗಲವಾಗಿ ನಿಂತುಬಿಡಬಹುದು, ಬೆಳಕಿಗೆ ಕಿರಿದಾಗುವುದಿಲ್ಲ. ಚಿವುಟಿದರೆ ಅಲುಗುವುದಿಲ್ಲ, ಕೆಮ್ಮುವುದಿಲ್ಲ. ನೋಡಿದವರಿಗೆ ಮೆದುಳು ಸತ್ತಂತೆಯೇ ಕಾಣುತ್ತದೆ. ಆದರೆ ಒಳಗಿನ ಮನುಷ್ಯ ಎಚ್ಚರವಾಗಿಯೇ ಇರಬಹುದು, ಪಕ್ಕದಲ್ಲಿ ಆಡಿದ ಮಾತೆಲ್ಲ ಕೇಳಿಸುತ್ತಿರಬಹುದು. ಮಲಗಿದಲ್ಲೇ ಅಲುಗದ ಸ್ನಾಯು ಅಷ್ಟೇ ಅದು, ಮೆದುಳಲ್ಲ. ಇದು ಗೊತ್ತಿಲ್ಲದೆ ‘ಕೋಮಾಕ್ಕೆ ಹೋದರು, ಆಸೆಯಿಲ್ಲ’ ಎಂದು ವೆಂಟಿಲೇಟರ್ ಬಿಡಿಸಿಕೊಂಡು ಮನೆಗೆ ಒಯ್ದರೆ, ಬದುಕುವವರನ್ನು ಕೊಂದಂತೆ. ಹಾವು ಕಡಿತದ ರೋಗಿಗೆ ಪಾಪೆ ನೋಡಿ ಆಸೆ ಬಿಡಬೇಡಿ ಎಂದು ಸಂಬಂಧಿಕರು ಧೈರ್ಯವಾಗಿ ಹೇಳಬೇಕು, ಹತ್ತಿರ ಕೂತು ಹೆಸರು ಹಿಡಿದು ಮಾತಾಡಿಸಬೇಕು. ಮೊದಲು ಮರಳುವುದು ಬೆರಳಿನ ಅಥವಾ ಕಾಲಿನ ಹೆಬ್ಬೆರಳಿನ ಸಣ್ಣ ಅಲುಗಾಟ ಇರಬಹುದು. ‘ಕೇಳಿಸುತ್ತಿದ್ದರೆ ಬೆರಳು ಅಲ್ಲಾಡಿಸು’ ಎಂದು ದಿನವೂ ಕೇಳುತ್ತಿರಬೇಕು.

ಇನ್ನೊಮ್ಮೆ ಇಂಥದ್ದು ಆದರೆ ಮನೆಯಲ್ಲಿ ಏನು ಮಾಡಬೇಕು ಎಂಬುದು ಚಿಕ್ಕದು. ಕಚ್ಚಿದ ಕೈಯೋ ಕಾಲೋ ಗೊತ್ತಿದ್ದರೆ ಅದಕ್ಕೆ ಮುರಿದ ಮೂಳೆಗೆ ಕಟ್ಟುವಂತೆ ಒಂದು ದಬ್ಬೆ ಆಸರೆ ಕೊಟ್ಟು ಅಲುಗದಂತೆ ಇಡಿ. ಉಂಗುರ, ಬಳೆ, ಕಾಲುಂಗುರ, ಉಡಿದಾರ ತೆಗೆಯಿರಿ. ನಡೆಸಬೇಡಿ, ಬೈಕಿನಲ್ಲೇ ಹೋಗಬೇಕಾದರೆ ನಡುವೆ ಕೂರಿಸಿ ಹಿಂದಿನವರು ಹಿಡಿದುಕೊಳ್ಳಿ. ವಾಂತಿ ಬರುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ. ನೀರು, ಟೀ, ಬೇರಿನ ಕಷಾಯ ಯಾವುದೂ ಬೇಡ, ನುಂಗುವ ಶಕ್ತಿ ಹೋಗಿರುವಾಗ ಒಂದು ಗುಟುಕು ನೀರೂ ಶ್ವಾಸಕೋಶಕ್ಕೆ ಹೋಗುತ್ತದೆ. ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಕೋಳಿಯ ಗುದ ಒತ್ತುವುದು, ಕಲ್ಲು ಅಂಟಿಸುವುದು ಇವೆಲ್ಲ ಸಮಯ ತಿನ್ನುವ ಕೆಲಸ. ಹಗ್ಗದಿಂದ ಬಿಗಿದು ಕಟ್ಟುವುದು ಅದಕ್ಕಿಂತ ಕೆಟ್ಟದ್ದು. ವಿಷ ನಿಲ್ಲುವುದಿಲ್ಲ, ಕಾಲು ಕೊಳೆಯುತ್ತದೆ. ಯಾರೋ ಆಗಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ. ತಡೆದಿದ್ದ ವಿಷ ಒಮ್ಮೆಲೇ ನುಗ್ಗಬಹುದು. ಆಸ್ಪತ್ರೆಯಲ್ಲಿ ಡ್ರಿಪ್ ಶುರುವಾದ ಮೇಲೆ ಅವರೇ ಬಿಚ್ಚಲಿ. ಲಕ್ಷಣ ಏನೂ ಇಲ್ಲದಿದ್ದರೂ 24 ಗಂಟೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತಾರೆ, ಮುನಿಸಿಕೊಂಡು ಸಹಿ ಹಾಕಿ ಹೊರಡಬೇಡಿ. ಕಟ್ಟುಹಾವಿನಲ್ಲಿ ರೆಪ್ಪೆ ಇಳಿಯಲು ಹನ್ನೆರಡು ಗಂಟೆ ಆದದ್ದೂ ಉಂಟು.

ಮಲೆನಾಡಿನವರು ಓದುತ್ತಿದ್ದರೆ ಅವರಿಗೊಂದು ಮಾತು. ಅಡಿಕೆ, ಕಾಫಿ ತೋಟದ ತರಗೆಲೆಯಲ್ಲಿ ಇರುವ ಗುಳಿಮಂಡಲಗಳಿಗೆ ಈ ಎಎಸ್‌ವಿ ಕೆಲಸ ಮಾಡುವುದಿಲ್ಲ, ಆ ನಾಲ್ಕು ಹಾವಿನ ಪಟ್ಟಿಯಲ್ಲಿ ಅವು ಇಲ್ಲ. ಅಲ್ಲಿ ಮಾತ್ರ ದೂರದಿಂದ ತೆಗೆದ ಫೋಟೊ ವೈದ್ಯರಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮೂತ್ರಪಿಂಡದ ಮೇಲೆ ಕಣ್ಣಿಡಬೇಕೆಂದು ಅವರಿಗೆ ತಿಳಿಯುತ್ತದೆ.

ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತ ಅಧಿಸೂಚಿತ ಕಾಯಿಲೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಂದು ಪ್ರಕರಣವನ್ನೂ ಸಾವನ್ನೂ ಆಸ್ಪತ್ರೆ ವರದಿ ಮಾಡಬೇಕು. ಯಾವ ತಾಲ್ಲೂಕಿಗೆ ಎಷ್ಟು ಎಎಸ್‌ವಿ ಬೇಕೆಂಬ ಲೆಕ್ಕ ಇಂಥ ವರದಿಗಳಿಂದಲೇ ಸಿಗಬೇಕಾದದ್ದು. ಹಾಗಾಗಿ ನಿಮ್ಮ ಅಣ್ಣನವರ ಡಿಸ್ಚಾರ್ಜ್ ಚೀಟಿಯಲ್ಲಿ ‘ಹಾವು ಕಡಿತ’ ಎಂದು ಬರೆದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ, ಕೊಟ್ಟ ವಯಲ್ ಸಂಖ್ಯೆಯೂ ಅದರಲ್ಲಿರಲಿ. ಎಎಸ್‌ವಿ ಲಸಿಕೆಯಲ್ಲ, ಮುಂದೆ ಕಚ್ಚಿದರೆ ಕಾಪಾಡುವುದಿಲ್ಲ; ಮತ್ತೆ ಕೊಡಬೇಕಾದಾಗ ಹಿಂದೆ ರಿಯಾಕ್ಷನ್ ಆಗಿತ್ತೇ ಎಂಬುದು ಆ ಚೀಟಿಯಿಂದಲೇ ತಿಳಿಯುವುದು.

ಗುಡಿಸಲಿಗೆ ಒಂದು ಮಂಚ ಹಾಕಿಸಿ, ಹಗ್ಗದ ಮಂಚವಾದರೂ ಸರಿ. ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ನಾಲ್ಕೂ ಕಡೆ ಹಾಸಿಗೆಯ ಕೆಳಗೆ ಸಿಕ್ಕಿಸಿ. ಮಂಚ ಇಲ್ಲದವರಿಗೂ ಪರದೆ ಉಪಯೋಗವೇ, ನೇಪಾಳದ ತಗ್ಗುಪ್ರದೇಶದ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಪರದೆಯೊಳಗೆ ಮಲಗಿದವರಿಗೆ ಹಾವು ಕಡಿತ ಕಡಿಮೆ ಎಂದು ಕಂಡುಬಂದಿದೆ. ಅಂಚು ಇಳಿಬಿಟ್ಟಿದ್ದರೆ ಮಾತ್ರ ಪ್ರಯೋಜನವಿಲ್ಲ, ಹಾವು ಒಳಗೆ ಬಂದು ಹೊರಗೆ ಹೋಗುವ ದಾರಿ ಕಾಣದೆ ಅಲ್ಲೇ ಉಳಿಯುತ್ತದೆ. ಕೊಯ್ದ ಮೆಕ್ಕೆಜೋಳದ ತೆನೆ ರಾಶಿಯನ್ನು ಮಲಗುವ ಜಾಗದಿಂದ ದೂರ ಹಾಕಿ: ತೆನೆಗೆ ಇಲಿ ಬರುತ್ತದೆ, ಇಲಿಗೆ ಹಾವು.